ಕರೆಂಟು ಎಲ್ಲಿ ನಿಂತಿತು?

ಕಾರ್ಖಾನೆಗೆ ಕಂಪ್ಯೂಟರ್ ಹೊಕ್ಕ ಕಥೆಯನ್ನು ಚಿಪ್ಪುಗಳ ಕಥೆಯಾಗಿ ಹೇಳುವುದು ವಾಡಿಕೆ. ರಿಲೇ ಹೋಯಿತು, ಟ್ರಾನ್ಸಿಸ್ಟರ್ ಬಂತು, ಅದರ ಬೆನ್ನಿಗೇ ಮೈಕ್ರೊಪ್ರೊಸೆಸರ್ ಬಂತು, ಯಂತ್ರಗಳು ತಮ್ಮಷ್ಟಕ್ಕೆ ತಾವೇ ನಡೆಯತೊಡಗಿದವು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಸಕ್ಕರೆ ಕಾರ್ಖಾನೆಯಿಂದ ಹಿಡಿದು ಹಾಲಿನ ಡೇರಿಯವರೆಗೆ ಎಲ್ಲೆಡೆ ಕೂತಿರುವ ಪಿಎಲ್‌ಸಿ (ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್) ಎಂಬ ಪೆಟ್ಟಿಗೆಗೆ ಈ ರೂಪ ಯಾಕೆ ಬಂತು, ಹುಟ್ಟಿ ಐವತ್ತು ವರ್ಷ ಕಳೆದ ಮೇಲೂ ಅದರ ಪ್ರೋಗ್ರಾಂ ಹಳೆಯ ವೈರಿಂಗ್ ನಕ್ಷೆಯ ಹಾಗೆಯೇ ಯಾಕೆ ಕಾಣುತ್ತದೆ ಎಂದು ಕೇಳಿದರೆ ಚಿಪ್ಪಿನ ಕಥೆ ಬಾಯಿ ಬಿಡುವುದಿಲ್ಲ. ಉತ್ತರ ಇರುವುದು ರಾತ್ರಿ ಪಾಳಿಯಲ್ಲಿ ಲೈನು ನಿಂತಾಗ ಟೆಸ್ಟರ್ ಹಿಡಿದು ಪ್ಯಾನೆಲ್ಲಿನ ಬಾಗಿಲು ತೆಗೆಯುವ ಎಲೆಕ್ಟ್ರಿಷಿಯನ್ ಬಳಿ. ಯಂತ್ರಗಳನ್ನು ನಡೆಸಲು ಒಂದೇ ಕಾಲಕ್ಕೆ ಬಂದ ಹಲವು ಸಾಧನಗಳಲ್ಲಿ, ಕೆಟ್ಟು ನಿಂತಾಗ ಅವನು ಓದಬಲ್ಲ ಸಾಧನವೇ ಗೆದ್ದು ಉಳಿಯಿತು ಎಂಬುದು ನನ್ನ ವಾದ.

ಮೊದಲು ಅವನು ಏನನ್ನು ಓದುತ್ತಿದ್ದ ಎಂಬುದು ಗೊತ್ತಾಗಬೇಕು. ನಮ್ಮ ಯಾವುದೇ ಹಳ್ಳಿಯ ಪಂಪ್‌ಸೆಟ್ ಮನೆಯಲ್ಲಿರುವ ಸ್ಟಾರ್ಟರನ್ನೇ ತೆಗೆದುಕೊಳ್ಳಿ. ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲಿಗೆ ಕರೆಂಟು ಹರಿಯುತ್ತದೆ, ಕಾಯಿಲ್ ಅಯಸ್ಕಾಂತವಾಗಿ ಕಾಂಟ್ಯಾಕ್ಟುಗಳನ್ನು ಎಳೆದುಕೊಳ್ಳುತ್ತದೆ, ಮೋಟರು ಓಡುತ್ತದೆ. ಬೆರಳು ತೆಗೆದರೂ ಮೋಟರು ನಿಲ್ಲುವುದಿಲ್ಲ. ಯಾಕೆಂದರೆ ಅದೇ ಎಳೆತಕ್ಕೆ ಇನ್ನೊಂದು ಸಣ್ಣ ಕಾಂಟ್ಯಾಕ್ಟ್ ಕೂಡಿಕೊಂಡು, ಹಸಿರು ಗುಂಡಿಗೆ ಪಕ್ಕದಾರಿಯಾಗಿ ನಿಂತು, ಕಾಯಿಲಿಗೆ ಕರೆಂಟು ಕೊಡುತ್ತಲೇ ಇರುತ್ತದೆ. ಇದನ್ನು ಎಲೆಕ್ಟ್ರಿಷಿಯನ್ನರು ಹೋಲ್ಡಿಂಗ್ ಎನ್ನುತ್ತಾರೆ. ಕೆಂಪು ಗುಂಡಿ ಒತ್ತಿದರೆ ದಾರಿ ಕಡಿದು ಎಲ್ಲವೂ ಬಿಟ್ಟುಕೊಳ್ಳುತ್ತದೆ. ಕರೆಂಟು ಹೋದರೂ ಅಷ್ಟೇ, ಮತ್ತೆ ಬಂದಾಗ ಮೋಟರು ತಾನಾಗಿ ಹೊರಡುವುದಿಲ್ಲ. ತ್ರೀಫೇಸ್ ಯಾವ ಹೊತ್ತಿಗೆ ಬರುತ್ತದೋ ಗೊತ್ತಿಲ್ಲದ ರೈತರು ಆಟೊ ಸ್ಟಾರ್ಟರ್ ಹಾಕಿಸಿಕೊಂಡದ್ದು ಈ ಕಾರಣಕ್ಕೇ. ಈ ಇಡೀ ವ್ಯವಹಾರವನ್ನು ಕಾಗದದ ಮೇಲೆ ಒಂದೇ ಅಡ್ಡಗೆರೆಯಲ್ಲಿ ಬರೆಯಬಹುದು: ಎಡಗಡೆ ಕರೆಂಟಿನ ಲಂಬಗೆರೆ, ಅಲ್ಲಿಂದ ಕೆಂಪು ಗುಂಡಿ, ಹಸಿರು ಗುಂಡಿ, ಅದರ ಕೆಳಗೆ ಹೋಲ್ಡಿಂಗ್ ಕಾಂಟ್ಯಾಕ್ಟ್, ಕೊನೆಯಲ್ಲಿ ಕಾಯಿಲ್, ಬಲಗಡೆ ಇನ್ನೊಂದು ಲಂಬಗೆರೆ. ಯಂತ್ರ ದೊಡ್ಡದಾದ ಹಾಗೆಲ್ಲ ಇಂಥ ಗೆರೆಗಳು ಒಂದರ ಕೆಳಗೊಂದು ಬೆಳೆದು ನೂರಾರಾಗುತ್ತವೆ, ನೋಡಲು ಏಣಿಯ ಹಾಗಿರುತ್ತವೆ. ಲ್ಯಾಡರ್ ಡಯಾಗ್ರಂ ಎಂದರೆ ಇದು. ಪ್ರತಿ ವೈರಿಗೂ ಒಂದು ನಂಬರು, ಪ್ರತಿ ಗೆರೆಗೂ ಒಂದು ನಂಬರು. ಕಾಗದದಲ್ಲಿದ್ದ ನಂಬರೇ ವೈರಿನ ತುದಿಯ ಫೆರೂಲಿನ ಮೇಲೂ ಇರುತ್ತದೆ. ನಕ್ಷೆಯನ್ನು ಓದುವುದು ಮತ್ತು ಪ್ಯಾನೆಲ್ಲಿನಲ್ಲಿ ಹುಡುಕುವುದು ಬೇರೆ ಬೇರೆ ಕೆಲಸಗಳಾಗಿರಲಿಲ್ಲ.

ಕಾಯಿಲ್ ಕಾಂಟ್ಯಾಕ್ಟುಗಳನ್ನು ಎಳೆಯುವ ಈ ರಿಲೇ ತಂತ್ರವನ್ನು ಅಮೆರಿಕದ ಕಾರು ಕಾರ್ಖಾನೆಗಳು ಅದರ ಮಿತಿಯವರೆಗೆ ಎಳೆದಿದ್ದವು. ಎರಡನೇ ಮಹಾಯುದ್ಧದ ನಂತರ ಎಂಜಿನ್ ಬ್ಲಾಕುಗಳನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿ ಸಾಗಿಸುತ್ತಾ ಕೊರೆಯುವ ಟ್ರಾನ್ಸ್‌ಫರ್ ಲೈನುಗಳು ಬಂದವು; 1951ರ ಹೊತ್ತಿಗೆ ಕ್ಲೀವ್‌ಲೆಂಡ್‌ನ ಫೋರ್ಡ್ ಎಂಜಿನ್ ಕಾರ್ಖಾನೆ ಇದಕ್ಕೆ ಹೆಸರಾಗಿತ್ತು. ಇಂಥ ಲೈನನ್ನು ನಡೆಸುವ ಪ್ಯಾನೆಲ್ಲುಗಳು ಆಳೆತ್ತರದ ಬೀರುಗಳ ಸಾಲು. ಒಳಗೆ ನೂರಾರು ರಿಲೇ, ಲೆಕ್ಕವಿಲ್ಲದಷ್ಟು ವೈರು. ರಿಲೇ ಎಂದರೆ ಚಲಿಸುವ ವಸ್ತು, ಅದು ಸವೆಯುತ್ತದೆ, ಕಾಂಟ್ಯಾಕ್ಟಿನ ತುದಿ ಸುಡುತ್ತದೆ, ಎಣ್ಣೆ ಧೂಳು ಕೂರುತ್ತದೆ. ಅದಕ್ಕಿಂತ ದೊಡ್ಡ ಪೀಡೆ ಎಂದರೆ ಪ್ರತಿವರ್ಷ ಕಾರಿನ ಮಾದರಿ ಬದಲಾಗುತ್ತಿತ್ತು. ಮಾದರಿ ಬದಲಾದರೆ ಯಂತ್ರದ ಕೆಲಸದ ಅನುಕ್ರಮ ಬದಲಾಗಬೇಕು, ಅನುಕ್ರಮ ಇದ್ದದ್ದು ವೈರಿಂಗಿನಲ್ಲಿ. ಹಾಗಾಗಿ ವೈರು ಬಿಚ್ಚಿ ಮತ್ತೆ ಕಟ್ಟಬೇಕು, ಅಥವಾ ಇಡೀ ಪ್ಯಾನೆಲ್ಲನ್ನು ಗುಜರಿಗೆ ಹಾಕಿ ಹೊಸದು ತರಿಸಬೇಕು.

1968ರಲ್ಲಿ ಜನರಲ್ ಮೋಟರ್ಸ್‌ನ ಹೈಡ್ರಮ್ಯಾಟಿಕ್ ವಿಭಾಗ ಇದಕ್ಕೊಂದು ಪರಿಹಾರ ಕೇಳಿತು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡುತ್ತಿದ್ದ ಈ ವಿಭಾಗ 1953ರಲ್ಲಿ ತನ್ನ ಹಳೆಯ ಕಾರ್ಖಾನೆ ಬೆಂಕಿಗೆ ಆಹುತಿಯಾದ ಮೇಲೆ ಮಿಷಿಗನ್‌ನ ವಿಲ್ಲೋ ರನ್‌ಗೆ, ಅಂದರೆ ಯುದ್ಧಕಾಲದಲ್ಲಿ ಫೋರ್ಡ್ ಬಿ-24 ಬಾಂಬರುಗಳನ್ನು ಕಟ್ಟಿದ್ದ ಬೃಹತ್ ಶೆಡ್ಡಿಗೆ, ಬಂದು ಸೇರಿತ್ತು. ಅಲ್ಲಿನ ಎಂಜಿನಿಯರುಗಳು ಮುಂದಿಟ್ಟ ಷರತ್ತುಗಳನ್ನು ಇವತ್ತು ಓದಿದರೆ ಗಮನ ಸೆಳೆಯುವುದು ಅವರು ಕೇಳದೇ ಬಿಟ್ಟ ಸಂಗತಿ. ವೇಗದ ಗಣಿತ ಬೇಕೆಂದು ಅವರು ಕೇಳಲಿಲ್ಲ. ಕೇಳಿದ್ದು ಇಷ್ಟು: ಕಾರ್ಖಾನೆಯ ಒಳಗೇ, ಸುಲಭವಾಗಿ, ಪ್ರೋಗ್ರಾಂ ಬದಲಿಸಲು ಬರಬೇಕು. ಕೆಟ್ಟ ಭಾಗವನ್ನು ಕಿತ್ತು ಹೊಸದನ್ನು ಸಿಕ್ಕಿಸಿ ರಿಪೇರಿ ಮಾಡುವಂತಿರಬೇಕು. ಧೂಳು, ಬಿಸಿ, ಅದುರುವಿಕೆಯ ನಡುವೆ ರಿಲೇಗಿಂತ ಹೆಚ್ಚು ನಂಬಿಕೆಯಿಂದ ಓಡಬೇಕು. ರಿಲೇ ಪ್ಯಾನೆಲ್ಲಿಗಿಂತ ಸಣ್ಣದಾಗಿರಬೇಕು, ಬೆಲೆಯಲ್ಲಿ ಅದಕ್ಕೆ ಸರಿಗಟ್ಟಬೇಕು. ಗೋಡೆಯಲ್ಲಿ ಬರುವ 115 ವೋಲ್ಟ್ ಎಸಿಯನ್ನೇ ನೇರವಾಗಿ ಇನ್‌ಪುಟ್ಟಿಗೆ ತೆಗೆದುಕೊಳ್ಳಬೇಕು, ಔಟ್‌ಪುಟ್ಟಿನಲ್ಲೂ ಅದೇ ವೋಲ್ಟೇಜಿನಲ್ಲಿ 2 ಆಂಪಿಯರ್ ಹೊರಬೇಕು. ಈ ಕೊನೆಯ ಷರತ್ತು ಯಂತ್ರದ ಮೈಮೇಲಿದ್ದ ಗುಂಡಿ, ಲಿಮಿಟ್ ಸ್ವಿಚ್, ಸೊಲೆನಾಯ್ಡ್‌ಗಳನ್ನು ಮುಟ್ಟದೆ ಹೊಸದನ್ನು ಕೂರಿಸುವುದಕ್ಕೆ. ಸುತ್ತಲಿನದೆಲ್ಲ ಹಾಗೆಯೇ ಇರಲಿ, ನಡುವಿನ ರಿಲೇ ಮಾತ್ರ ಬದಲಾಗಲಿ ಎಂಬ ಮನಸ್ಸು ಇಡೀ ಪಟ್ಟಿಯಲ್ಲಿ ಕಾಣುತ್ತದೆ.

ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಸಣ್ಣ ಸಂಸ್ಥೆಯಲ್ಲಿ ಡಿಕ್ ಮಾರ್ಲಿ ಆ ವರ್ಷದ ಜನವರಿ 1ರಂದು ಇಂಥದೇ ಯಂತ್ರದ ಬಗ್ಗೆ ಟಿಪ್ಪಣಿ ಬರೆದಿದ್ದರು. ಹೊಸ ವರ್ಷದ ಹಿಂದಿನ ರಾತ್ರಿಯ ಕುಡಿತದ ತಲೆನೋವಿನಲ್ಲಿ ಬರೆದದ್ದೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಸಂಶೋಧಕರ ಇಂಥ ಕಥೆಗಳು ಹೇಳುತ್ತ ಹೇಳುತ್ತ ನುಣುಪಾಗುತ್ತವೆ, ಅದಿರಲಿ. ಸಂಸ್ಥೆಯ 84ನೇ ಯೋಜನೆಯಾದ್ದರಿಂದ ಯಂತ್ರಕ್ಕೆ 084 ಎಂಬ ಹೆಸರು ಬಂತು, ಅದನ್ನು ಮಾರಲು ಮಾಡಿಕೊಂಡ ಕಂಪನಿಯೇ ಮಾಡಿಕಾನ್. ಫ್ಯಾನ್ ಇಲ್ಲದ, ಹೊರಗಿನ ಗಾಳಿ ಒಳಗೆ ಬಾರದ ಗಟ್ಟಿ ಪೆಟ್ಟಿಗೆ. ಒಳಗೆ ಮ್ಯಾಗ್ನೆಟಿಕ್ ಕೋರ್ ಸ್ಮೃತಿ. ಅದು ಮಾಡುತ್ತಿದ್ದ ಕೆಲಸ ಇಷ್ಟೇ: ಎಲ್ಲ ಇನ್‌ಪುಟ್ಟುಗಳನ್ನು ಓದು, ಲ್ಯಾಡರಿನ ಗೆರೆಗಳನ್ನು ಮೇಲಿನಿಂದ ಕೆಳಗೆ ಬಿಡಿಸು, ಔಟ್‌ಪುಟ್ಟುಗಳನ್ನು ಬದಲಿಸು, ಮತ್ತೆ ಮೊದಲಿನಿಂದ ಶುರು ಮಾಡು. 1969ರಲ್ಲಿ ಹೈಡ್ರಮ್ಯಾಟಿಕ್‌ಗೆ ಪರೀಕ್ಷೆಗೆಂದು ಬಂದವುಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಪಿಡಿಪಿ-14 ಕೂಡ ಇತ್ತು. ಆ ಕಂಪನಿ ಆಗ ಮಿನಿ ಕಂಪ್ಯೂಟರಿನ ಲೋಕದಲ್ಲಿ ದೊಡ್ಡ ಹೆಸರು. ಹಣದಲ್ಲಿ, ಪರಿಣತಿಯಲ್ಲಿ ಬೆಡ್‌ಫರ್ಡ್‌ನ ಗುಂಪು ಅದರ ಹತ್ತಿರವೂ ಸುಳಿಯುವಂತಿರಲಿಲ್ಲ. ಆದರೆ ಪಿಡಿಪಿ-14ಕ್ಕೆ ತರ್ಕವನ್ನು ಬೂಲಿಯನ್ ಸಮೀಕರಣಗಳಾಗಿ ಬರೆದುಕೊಡಬೇಕಿತ್ತು, ಅದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಅನುವಾದಿಸಬೇಕಿತ್ತು, ಕೊನೆಗೆ ಓದಲಷ್ಟೇ ಬರುವ ಸ್ಮೃತಿಯಾಗಿ ಮಾಡಿಸಿ ತರಬೇಕಿತ್ತು. 084ರಲ್ಲಿ ಲ್ಯಾಡರಿನ ಗೆರೆಯನ್ನು ನೇರವಾಗಿ ತುಂಬಬಹುದಿತ್ತು, ಯಂತ್ರದ ಪಕ್ಕದಲ್ಲೇ ನಿಂತು ತಿದ್ದಬಹುದಿತ್ತು. ಈ ಮಾದರಿಗಳಲ್ಲಿ ಮುಂದಕ್ಕೆ ಬೆಳೆದದ್ದು ಮಾಡಿಕಾನಿನದು. 084 ಮಾರಾಟದಲ್ಲಿ ದೊಡ್ಡ ಗೆಲುವೇನೂ ಅಲ್ಲ; ಗಿರಾಕಿಗಳ ದೂರುಗಳನ್ನು ಕೇಳಿ ಮೈಕೇಲ್ ಗ್ರೀನ್‌ಬರ್ಗ್ ರೂಪಿಸಿದ 184 ಎಂಬ ಮಾದರಿ 1973ರಲ್ಲಿ ಬಂದ ಮೇಲೆಯೇ ಕಂಪನಿ ನೆಲೆ ಕಂಡದ್ದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಸಮೀಕರಣಕ್ಕೂ ಲ್ಯಾಡರಿಗೂ ಗಣಿತದಲ್ಲಿ ಏನು ಭೇದ? ಏನೂ ಇಲ್ಲ. ರಿಲೇ ಸರ್ಕ್ಯೂಟುಗಳೆಲ್ಲ ಬೂಲಿಯನ್ ಬೀಜಗಣಿತವೇ ಎಂದು ಕ್ಲಾಡ್ ಶಾನನ್ 1937ರಲ್ಲಿ ಎಂಐಟಿಯಲ್ಲಿ ಬರೆದ ಸ್ನಾತಕೋತ್ತರ ಪ್ರಬಂಧದಲ್ಲೇ ತೋರಿಸಿದ್ದರು. ಒಂದನ್ನು ಇನ್ನೊಂದಾಗಿ ಬರೆಯಲು ಯಾವ ಎಂಜಿನಿಯರಿಗೂ ಕಷ್ಟವಿಲ್ಲ. ಹಾಗಿದ್ದರೆ ಬರಹದ ಆಕಾರಕ್ಕೆ ಇಷ್ಟು ಮಹತ್ವ ಕೊಡುವುದು ಭಾವುಕತೆಯಲ್ಲವೇ? ಅಲ್ಲ, ಯಾಕೆಂದರೆ ವಿನ್ಯಾಸ ಮಾಡುವಾಗ ಕೇಳುವ ಪ್ರಶ್ನೆಯೇ ಬೇರೆ, ರಿಪೇರಿ ಮಾಡುವಾಗ ಕೇಳುವ ಪ್ರಶ್ನೆಯೇ ಬೇರೆ. ವಿನ್ಯಾಸಕಾರನಿಗೆ ಬೇಕಾದದ್ದು ಈ ಸಂದರ್ಭಗಳಲ್ಲಿ ಮೋಟರು ಓಡಬೇಕೇ ಬೇಡವೇ ಎಂಬ ಉತ್ತರ. ಅದಕ್ಕೆ ಸಮೀಕರಣ ಚೊಕ್ಕವಾಗಿದೆ. ನಿಂತ ಲೈನಿನ ಮುಂದೆ ಕೂತವನು ಕೇಳುವುದು, ಎಡಗಡೆಯಿಂದ ಹೊರಟ ಕರೆಂಟು ಯಾವ ಕಾಂಟ್ಯಾಕ್ಟಿನ ಹತ್ತಿರ ನಿಂತಿತು ಎಂದು. ಸಮೀಕರಣ ಅವನಿಗೆ ಸೊನ್ನೆ ಎಂಬ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಲ್ಯಾಡರು ಜಾಗ ತೋರಿಸುತ್ತದೆ. ಮುಂದೆ ಪ್ರೋಗ್ರಾಮಿಂಗ್ ಪರದೆಗಳು ಬಂದಾಗ, ಕೂಡಿಕೊಂಡ ಕಾಂಟ್ಯಾಕ್ಟುಗಳನ್ನು ಪರದೆಯ ಮೇಲೆ ಬೆಳಗಿಸಿ ತೋರಿಸುವ ರೂಢಿ ಬಂತು. ಬೆಳಕು ಎಲ್ಲಿ ಕಡಿಯುತ್ತದೋ ಅಲ್ಲಿರುವ ಲಿಮಿಟ್ ಸ್ವಿಚ್ಚನ್ನು ಹೋಗಿ ನೋಡಿದರಾಯಿತು. ಟೆಸ್ಟರ್ ಹಿಡಿದು ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಹೋಗುತ್ತಿದ್ದವನ ಕೆಲಸದ ಕ್ರಮವನ್ನು ಯಂತ್ರ ಹಾಗೆಯೇ ಎತ್ತಿಕೊಂಡಿತು.

ಬೆಲೆ ಇಳಿದದ್ದರಿಂದ ಪಿಎಲ್‌ಸಿ ಗೆದ್ದಿತು, ಉಳಿದದ್ದೆಲ್ಲ ಅಲಂಕಾರ ಎಂಬ ವಾದವೂ ಉಂಟು. ಎಂಬತ್ತರ ದಶಕದ ಹರಡುವಿಕೆಗೆ ಇದು ನಿಜ. ಆದರೆ ಆಯ್ಕೆ ನಡೆದ ಹೊತ್ತಿಗೆ ಮೈಕ್ರೊಪ್ರೊಸೆಸರೇ ಹುಟ್ಟಿರಲಿಲ್ಲ. ಇಂಟೆಲ್ 4004 ಮಾರುಕಟ್ಟೆಗೆ ಬಂದದ್ದು 1971ರ ನವೆಂಬರಿನಲ್ಲಿ. ಪೈಪೋಟಿಗಿಳಿದವರೆಲ್ಲರ ಕೈಯಲ್ಲಿದ್ದದ್ದು ಹೆಚ್ಚುಕಡಿಮೆ ಒಂದೇ ತಲೆಮಾರಿನ ಬಿಡಿಭಾಗಗಳು. ಅಗ್ಗದ ಚಿಪ್ಪು ಬಂದಾಗ ಯಾವ ರೂಪಕ್ಕೆ ಅದನ್ನು ತುಂಬಬೇಕು ಎಂಬುದು ಆಗಲೇ ತೀರ್ಮಾನವಾಗಿತ್ತು.

ಇವೆಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಇತಿಹಾಸಕಾರ ಡೇವಿಡ್ ನೋಬಲ್ ಅವರ ಕಡೆಯಿಂದ ಬರುತ್ತದೆ. 1984ರ 'ಫೋರ್ಸಸ್ ಆಫ್ ಪ್ರೊಡಕ್ಷನ್' ಎಂಬ ಪುಸ್ತಕದಲ್ಲಿ ಅವರು ಮೆಷಿನ್ ಟೂಲುಗಳ ಆಟೊಮೇಷನ್ನನ್ನು ಕೆದಕಿದರು. ನುರಿತ ಕೆಲಸಗಾರ ಒಂದು ಸಲ ಯಂತ್ರ ಓಡಿಸಿದ್ದನ್ನು ಟೇಪಿನಲ್ಲಿ ದಾಖಲಿಸಿ ಮತ್ತೆ ಮತ್ತೆ ನುಡಿಸುವ ವಿಧಾನ ನಲವತ್ತರ ದಶಕದಲ್ಲೇ ಇತ್ತು. ಅದನ್ನು ಬದಿಗೆ ತಳ್ಳಿ, ಅಮೆರಿಕದ ವಾಯುಪಡೆಯ ಹಣದಲ್ಲಿ ಎಂಐಟಿ 1952ರಲ್ಲಿ ತೋರಿಸಿದ ನ್ಯೂಮೆರಿಕಲ್ ಕಂಟ್ರೋಲ್ ಮುಂದೆ ಬಂತು. ಅದರಲ್ಲಿ ಪ್ರೋಗ್ರಾಂ ಬರೆಯುವವರು ಶಾಪ್‌ಫ್ಲೋರಿನಲ್ಲಿಲ್ಲ, ಆಫೀಸಿನಲ್ಲಿರುತ್ತಾರೆ. ಕುಶಲತೆ ಕೆಲಸಗಾರನ ಕೈಬಿಟ್ಟು ಆಡಳಿತದ ಕೈ ಸೇರಲಿ ಎಂಬ ಬಯಕೆ ಈ ಆಯ್ಕೆಯಲ್ಲಿತ್ತೆಂಬುದು ನೋಬಲ್ ಅವರ ಆರೋಪ. ಹಾಗಾದರೆ ಅದೇ ದೇಶದ, ಅಷ್ಟೇ ಬಿಗಿಯಾದ ಒಂದು ಆಡಳಿತ ಹದಿನಾರು ವರ್ಷಗಳ ನಂತರ ಎಲೆಕ್ಟ್ರಿಷಿಯನ್ನನ ಕೈಗೆ ಸಿಗುವ ಯಂತ್ರವನ್ನು ಯಾಕೆ ಬಯಸಿತು? ಔದಾರ್ಯದಿಂದಲ್ಲ ಎಂಬುದನ್ನು ಒಪ್ಪಿಕೊಂಡೇ ಉತ್ತರ ಹುಡುಕಬೇಕು. ಲೇತಿನ ಮುಂದೆ ನಿಂತವನ ಕೈಯಲ್ಲಿದ್ದದ್ದು ಉತ್ಪಾದನೆಯ ವೇಗ. ಅದರ ಮೇಲೆ ಹಿಡಿತ ಬೇಕೆಂದು ಆಡಳಿತ ಸದಾ ಅವನೊಂದಿಗೆ ಜಗ್ಗಾಡುತ್ತಿತ್ತು. ಎಲೆಕ್ಟ್ರಿಷಿಯನ್ನನ ಕೈಯಲ್ಲಿದ್ದದ್ದು ನಿಂತದ್ದನ್ನು ಮತ್ತೆ ಓಡಿಸುವ ಹೊತ್ತು. ಟ್ರಾನ್ಸ್‌ಫರ್ ಲೈನಿನಲ್ಲಿ ಒಂದು ಠಾಣೆ ನಿಂತರೆ ಎಲ್ಲವೂ ನಿಲ್ಲುತ್ತದೆ, ಆಗ ಅವನ ಕುಶಲತೆಯನ್ನು ಆಫೀಸಿಗೆ ಸಾಗಿಸಿ ಆಡಳಿತಕ್ಕೆ ಆಗುವ ಲಾಭ ಏನೂ ಇಲ್ಲ, ನಷ್ಟವೇ ಎಲ್ಲ. ಇಬ್ಬರ ಹಿತವೂ ಇಲ್ಲಿ ಅಪರೂಪಕ್ಕೆ ಒಂದೇ ದಿಕ್ಕಿಗೆ ತಿರುಗಿತು. ಹಾಗೆಂದು ಎಲ್ಲರೂ ಉಳಿದರೆಂದಲ್ಲ. ವರ್ಷಕ್ಕೊಮ್ಮೆ ಪ್ಯಾನೆಲ್ ಬಿಚ್ಚಿ ಕಟ್ಟುತ್ತಿದ್ದ ವೈರಿಂಗಿನ ಕೆಲಸ ಕರಗಿಹೋಯಿತು. ಪಿಎಲ್‌ಸಿಯ ಲೆಕ್ಕಾಚಾರ ನಿಂತದ್ದೇ ಆ ಉಳಿತಾಯದ ಮೇಲೆ. ಓದುವವನು ಉಳಿದ, ಕಟ್ಟುವವನು ಹೋದ.

ಜರ್ಮನಿಯಲ್ಲಿ ಲ್ಯಾಡರಿಗೆ ಅಷ್ಟು ಗೌರವವಿರಲಿಲ್ಲವಲ್ಲ, ಫ್ರಾನ್ಸಿನವರು 1977ರಲ್ಲಿ ತಮ್ಮದೇ ಗ್ರಾಫ್‌ಸೆಟ್ ಎಂಬ ನಕ್ಷೆಯ ಪದ್ಧತಿ ಮಾಡಿಕೊಂಡರಲ್ಲ ಎಂದು ಯುರೋಪಿನ ಕಡೆಯಿಂದ ಕೇಳಬಹುದು. ನಿಜ, 1979ರಲ್ಲಿ ಬಂದ ಸೀಮೆನ್ಸಿನ ಸಿಮ್ಯಾಟಿಕ್ ಎಸ್5ರಲ್ಲಿ ಲ್ಯಾಡರಿನ ಜೊತೆಗೆ ಆಜ್ಞೆಗಳ ಪಟ್ಟಿ, ಫಂಕ್ಷನ್ ನಕ್ಷೆ ಎರಡೂ ಇದ್ದವು. ಆದರೆ 1950ರ ದಶಕದ ಕೊನೆಯಿಂದಲೇ ಅಲ್ಲಿ ಸಿಮ್ಯಾಟಿಕ್ ಹೆಸರಿನ ಟ್ರಾನ್ಸಿಸ್ಟರ್ ತರ್ಕದ ಬಿಲ್ಲೆಗಳು ಬಳಕೆಗೆ ಬಂದಿದ್ದವು. ತರ್ಕದ ಚೌಕಗಳನ್ನು ಗೆರೆಗಳಿಂದ ಜೋಡಿಸುವ ನಕ್ಷೆ ಅಲ್ಲಿನ ತಂತ್ರಜ್ಞರಿಗೆ ಕಣ್ಣಿಗೆ ಹತ್ತಿದ ನಕ್ಷೆ. ಊರು ಬೇರೆ, ಓದುವ ಅಭ್ಯಾಸ ಬೇರೆ, ನಿಯಮ ಅದೇ. 1993ರಲ್ಲಿ ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಭಾಷೆಗಳಿಗೆ ಅಂತರರಾಷ್ಟ್ರೀಯ ಮಾನದಂಡ ಹೊರಬಂದಾಗ ಒಂದನ್ನು ಆರಿಸಲಾಗದೆ ಐದು ಬಗೆಗಳಿಗೂ ಜಾಗ ಕೊಟ್ಟರು. ರಾಸಾಯನಿಕ ಮತ್ತು ತೈಲ ಕಾರ್ಖಾನೆಗಳ ಕಥೆಯೂ ಬೇರೆಯಲ್ಲ. ಅಲ್ಲಿ ಗಾಳಿಯ ಒತ್ತಡದಿಂದ ನಡೆಯುವ ನಿಯಂತ್ರಕಗಳು 3ರಿಂದ 15 ಪಿಎಸ್‌ಐ ಸಂಕೇತದಲ್ಲಿ ಮಾತಾಡುತ್ತಿದ್ದವು. ಆಮೇಲೆ ನೆಲೆ ನಿಂತ ವಿದ್ಯುತ್ ಸಂಕೇತ 4ರಿಂದ 20 ಮಿಲಿಆಂಪಿಯರ್. ಎರಡರಲ್ಲೂ ಕೆಳತುದಿಗೂ ಮೇಲ್ತುದಿಗೂ ಇರುವ ಅನುಪಾತ ಒಂದಕ್ಕೆ ಐದು, ಎರಡರಲ್ಲೂ ಸೊನ್ನೆ ಎಂದರೆ ಅಳತೆ ಶೂನ್ಯ ಎಂದಲ್ಲ, ಕೊಳವೆಯೋ ವೈರೋ ಕಡಿದಿದೆ ಎಂದು. 1975ರಲ್ಲಿ ಹನಿವೆಲ್ ಕಂಪನಿ ಟಿಡಿಸಿ 2000 ಎಂಬ ನಿಯಂತ್ರಣ ವ್ಯವಸ್ಥೆ ತಂದು ಗೋಡೆ ತುಂಬಿದ್ದ ಮೀಟರುಗಳನ್ನು ಪರದೆಗೆ ಇಳಿಸಿತು. ಪರದೆಯ ಮೇಲೂ ಹಳೆಯ ಮೀಟರಿನ ಮುಖವನ್ನೇ ಉದ್ದುದ್ದ ಪಟ್ಟಿಗಳಾಗಿ ಬಿಡಿಸಿದ್ದರು.

ಇಷ್ಟು ಹೇಳಿದ ಮೇಲೆ ಈ ಹಳೆಯದರ ಮೋಹಕ್ಕೆ ತೆತ್ತ ಬೆಲೆಯನ್ನು ಮುಚ್ಚಿಡಲಾಗದು. ಲ್ಯಾಡರಿನಲ್ಲಿ ಲೆಕ್ಕ ಬರೆಯುವುದು ಹಿಂಸೆ. ಪಾಕವಿಧಾನಗಳನ್ನು, ದತ್ತಾಂಶದ ಪಟ್ಟಿಗಳನ್ನು ಅದರಲ್ಲಿ ತುಂಬಿದರೆ ಸಾವಿರಾರು ಗೆರೆಗಳ ಗೋಜಲಾಗುತ್ತದೆ, ಆಗ ಎಲೆಕ್ಟ್ರಿಷಿಯನ್ನಿಗೂ ಅದು ಓದಲು ಬರುವುದಿಲ್ಲ. ಇನ್ನೂ ದೊಡ್ಡ ಕುತ್ತು ನಂಬಿಕೆಯದು. ವೈರಿನಲ್ಲಿ ಬಂದದ್ದನ್ನು ರಿಲೇ ಪ್ರಶ್ನಿಸುವುದಿಲ್ಲ. ಬೀರಿಗೆ ಬೀಗ ಇದ್ದರೆ ಅದೇ ಭದ್ರತೆ. 1979ರಲ್ಲಿ ಮಾಡಿಕಾನ್ ಹೊರತಂದ, ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ ಮಾಡ್‌ಬಸ್ ಸಂವಹನ ಪದ್ಧತಿ ಅದೇ ಮನೋಭಾವದ್ದು: ಯಾರು ಕೇಳುತ್ತಿದ್ದಾರೆಂದು ವಿಚಾರಿಸದೆ ಆಜ್ಞೆ ಪಾಲಿಸುತ್ತದೆ. ಇನ್ನೊಂದು ಕಡೆಯಿಂದ ಬಂದ ಪೆಟ್ಟು 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕಂಪ್ಯೂಟರ್ ವರ್ಮ್. ಇರಾನಿನ ನತಾಂಜ್ ಯುರೇನಿಯಂ ಸಂವರ್ಧನಾ ಕೇಂದ್ರದಲ್ಲಿ ಸೀಮೆನ್ಸ್ ಎಸ್7 ನಿಯಂತ್ರಕಗಳ ಒಳಹೊಕ್ಕು ಸೆಂಟ್ರಿಫ್ಯೂಜುಗಳ ಓಟ ಕೆಡಿಸುತ್ತಿದ್ದಾಗ, ಎಲ್ಲ ಸರಿಯಿದೆ ಎಂದು ಮೊದಲೇ ದಾಖಲಿಸಿಟ್ಟ ಅಂಕಿಗಳನ್ನು ಅದು ತೋರಿಸುತ್ತಿತ್ತು. ಪ್ರೋಗ್ರಾಂ ಎತ್ತಿ ನೋಡಿದ ಎಂಜಿನಿಯರಿಗೂ ತನ್ನ ಸಾಲುಗಳನ್ನು ಮರೆಸಿ ತೋರಿಸುವಂತೆ ಅದನ್ನು ಹೆಣೆದಿದ್ದರು. ಪರದೆಯಲ್ಲಿ ಕಂಡದ್ದೇ ಯಂತ್ರದಲ್ಲಿರುವುದು ಎಂಬ ಓದುಗನ ವಿಶ್ವಾಸಕ್ಕೇ ಬಿದ್ದ ಪೆಟ್ಟದು. ನನ್ನ ವಾದಕ್ಕೆ ಇದು ವಿರುದ್ಧ ಸಾಕ್ಷ್ಯವೆಂದು ಕಾಣಬಹುದು. ನನಗೆ ಅದು ಇನ್ನೊಂದು ಬಗೆಯ ಪುರಾವೆ. ದಾಳಿಕೋರರು ಯಂತ್ರದ ಜೊತೆಗೆ ಅದನ್ನು ಓದುವವನ ಕಣ್ಣನ್ನೂ ಕಟ್ಟಬೇಕಾಯಿತು.

ಬೆಂಗಳೂರು ಈ ಇತಿಹಾಸಕ್ಕೆ ತಡವಾಗಿ, ಬೇರೆ ಬಾಗಿಲಿನಿಂದ ಬಂತು. 1953ರಲ್ಲಿ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಹುಟ್ಟಿದ ಎಚ್‌ಎಂಟಿ, ಅರವತ್ತರ ದಶಕದಲ್ಲಿ ಶುರುವಾದ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್, ಮೈಕೋ, ಬಿಇಎಲ್, ಎನ್‌ಜಿಇಎಫ್, ಕಿರ್ಲೋಸ್ಕರ್ ಎಲೆಕ್ಟ್ರಿಕ್ ಇವುಗಳ ಸುತ್ತ ಯಂತ್ರ ಬಲ್ಲವರು, ವೈರಿಂಗ್ ಬಲ್ಲವರು ಊರಿನಲ್ಲಿ ತುಂಬಿಕೊಂಡರು. ಪೀಣ್ಯದ ಶೆಡ್ಡುಗಳಲ್ಲಿ ಪ್ಯಾನೆಲ್ ಕಟ್ಟುವ ಕಸುಬು ನಿಂತದ್ದು ಈ ಜನರಿಂದ, ಐಟಿಐ ಮುಗಿಸಿ ಬಂದ ಎಲೆಕ್ಟ್ರಿಷಿಯನ್, ವೈರ್‌ಮನ್ ಹುಡುಗರಿಂದ. ಲಗ್ ಒತ್ತುವುದು, ಫೆರೂಲ್ ಹಾಕುವುದು, ಚಾನೆಲ್ ಕೂರಿಸುವುದು, ಗ್ಲ್ಯಾಂಡ್ ಬಿಗಿಯುವುದು ಅವರಿಗೆ ಬರುತ್ತಿತ್ತು. ಲೈಸೆನ್ಸಿನ ಕಾಲ ಸಡಿಲಾಗಿ ಪಿಎಲ್‌ಸಿ ಕೈಗೆಟಕುವಂತಾದಾಗ ಅವರು ಹೊಸದಾಗಿ ಕಲಿಯಬೇಕಾದ್ದು ಕಡಿಮೆಯಿತ್ತು. ಇವತ್ತಿನ ಪ್ಯಾನೆಲ್ ತೆರೆದರೂ ಪಿಎಲ್‌ಸಿಯ ಪಕ್ಕದಲ್ಲಿ 24 ವೋಲ್ಟಿನ ಸಣ್ಣ ರಿಲೇಗಳ ಸಾಲು ಇದ್ದೇ ಇರುತ್ತದೆ. ಎಮರ್ಜೆನ್ಸಿ ಸ್ಟಾಪಿನ ದಾರಿ ಬಹಳ ಕಡೆ ಇಂದಿಗೂ ವೈರಿನಲ್ಲೇ ಹೋಗುತ್ತದೆ.

ಈಗ ಅದೇ ಊರಿನಲ್ಲಿ ಇನ್ನೊಂದು ಬಗೆಯ ಕೆಲಸ ಬೆಳೆದಿದೆ. ಜಗತ್ತಿನ ದೊಡ್ಡ ಆಟೊಮೇಷನ್ ಕಂಪನಿಗಳ ಎಂಜಿನಿಯರಿಂಗ್ ಕೇಂದ್ರಗಳಲ್ಲಿ ಕೂತು, ಎಂದೂ ಕಣ್ಣಾರೆ ನೋಡದ ಕಾರ್ಖಾನೆಗೆ ತರ್ಕ ಬರೆಯುತ್ತಾರೆ, ಪರೀಕ್ಷಿಸುತ್ತಾರೆ, ಕಳಿಸುತ್ತಾರೆ. ಅತ್ತ ಸಿಸ್ಟಂ ಇಂಟಿಗ್ರೇಟರ್ ಎನಿಸಿಕೊಂಡ ಸಣ್ಣ ಸಂಸ್ಥೆಗಳು ಪ್ಯಾನೆಲ್ಲು, ಪ್ರೋಗ್ರಾಂ, ಕಮಿಷನಿಂಗ್ ಮೂರನ್ನೂ ಸೇವೆಯಾಗಿ ಮಾರುತ್ತವೆ. ನೋಬಲ್ ಹೇಳಿದ ಆಫೀಸು ತಡವಾಗಿ, ಬೇರೆ ಹೆಸರಿನಲ್ಲಿ, ಬೇರೆ ಊರಿನಲ್ಲಿ ಬಂದಿತು ಎನ್ನಬಹುದು. ಇದರಿಂದ ಕೆಲಸದ ಗುಣಮಟ್ಟ ಏರಿದೆ ಎಂಬುದನ್ನು ಅಲ್ಲಗಳೆಯಲಾರೆ. ಒಂದೇ ಬಗೆಯ ಪಂಪಿಗೆ ಒಂದೇ ಬಗೆಯ ಪರೀಕ್ಷಿತ ಬ್ಲಾಕ್ ಬಳಸುವುದು ಪ್ರತಿ ಕಾರ್ಖಾನೆಯಲ್ಲೂ ಹೊಸದಾಗಿ ಗೀಚುವುದಕ್ಕಿಂತ ಲೇಸು. ಆದರೆ ಆ ಬ್ಲಾಕುಗಳಿಗೆ ಪಾಸ್‌ವರ್ಡ್ ಬೀಳುತ್ತದೆ. ಕಸುಬಿನ ಗುಟ್ಟು ಕಾಪಾಡಲು ಎನ್ನುತ್ತಾರೆ ಬರೆದವರು. ಲೈನು ನಿಂತಾಗ ಪರದೆಯ ಮುಂದೆ ಕೂತವನಿಗೆ ಒಳಹೋಗುವ ಗೆರೆ ಕಾಣುತ್ತದೆ, ಹೊರಬರುವ ಗೆರೆ ಕಾಣುತ್ತದೆ, ನಡುವೆ ಏನಾಯಿತು ಎಂಬುದು ಕಾಣುವುದಿಲ್ಲ. ಫೋನ್ ಮಾಡಬೇಕು, ಸರ್ವಿಸ್ ಕಾಂಟ್ರ್ಯಾಕ್ಟ್ ಇನ್ನೂ ಮುಗಿದಿಲ್ಲ ಎಂದು ಹಾರೈಸಬೇಕು. ಹಾಗಾಗಿ ತಿಳಿದ ಗಿರಾಕಿಗಳು ಟೆಂಡರಿನಲ್ಲೇ ಪ್ರೋಗ್ರಾಮಿನ ಮೂಲ ಪ್ರತಿ, ಪಾಸ್‌ವರ್ಡ್, ಟಿಪ್ಪಣಿಗಳ ಸಮೇತ, ಹಸ್ತಾಂತರಿಸಬೇಕೆಂದು ಬರೆಸುತ್ತಾರೆ. ಟಿಪ್ಪಣಿ ಎಂದು ಬಿಡಿಸಿ ಬರೆಸುವುದು ಸುಮ್ಮನೆ ಅಲ್ಲ. ಹಳೆಯ ತಲೆಮಾರಿನ ಬಹುಪಾಲು ಪಿಎಲ್‌ಸಿಗಳಲ್ಲಿ ಯಾವ ಕಾಂಟ್ಯಾಕ್ಟ್ ಯಾವ ಸ್ವಿಚ್ಚಿನದು ಎಂಬ ಹೆಸರುಗಳು ಪೆಟ್ಟಿಗೆಯ ಸ್ಮೃತಿಯಲ್ಲಿ ಇರುತ್ತಿರಲಿಲ್ಲ, ಬರೆದವರ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತಿದ್ದವು. ಆ ಫೈಲು ಇಲ್ಲದೆ ಯಂತ್ರದಿಂದ ಪ್ರೋಗ್ರಾಂ ಎತ್ತಿಕೊಂಡರೆ ಬರುವುದು ಬರೀ ವಿಳಾಸದ ಅಂಕಿಗಳು. ಅಂಥ ಕಡೆ ಎಲೆಕ್ಟ್ರಿಷಿಯನ್ನರು ಮತ್ತೆ ಟರ್ಮಿನಲ್ ಬ್ಲಾಕಿನ ಮುಂದೆ ಕೂತು, ಒಬ್ಬ ಸ್ವಿಚ್ ಒತ್ತಿ ಇನ್ನೊಬ್ಬ ದೀಪ ನೋಡಿ, ಪ್ರತಿ ಅಂಕಿಗೂ ಹೆಸರು ಬರೆಯುತ್ತಾ ಹೋಗಬೇಕು.